ಐವತ್ತೆಂಟು ನಿಮಿಷದ ಬ್ರೆಡ್ಡು

ನನ್ನ ಭಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಸಂದರ್ಭ ಸಿಗುವುದು ಅನುಮಾನ. ನೀರಿನ ತೆರಿಗೆ ಕಚೇರಿಯ ರವಾನೆ ವಿಭಾಗದಲ್ಲಿ ಇಪ್ಪತ್ತೈದು ವರ್ಷ ಲಕೋಟೆಗಳಿಗೆ ಅಂಟು ಹಚ್ಚಿದವರು. ಅಷ್ಟು ವರ್ಷದಲ್ಲಿ ಅವರ ಕೈಯಿಂದ ಒಂದೇ ಒಂದು ಲಕೋಟೆ ತಪ್ಪು ವಿಳಾಸಕ್ಕೆ ಹೋಗಿತ್ತು, ಅದಕ್ಕಾಗಿ ಎರಡು ದಿನ ಊಟ ಬಿಟ್ಟಿದ್ದರು. ಇಂಥ ಮನುಷ್ಯ ಒಬ್ಬ ಸಾಯುತ್ತಿದ್ದ ಮುದುಕನಿಗೆ ಸುಳ್ಳು ಹೇಳಿ, ಅವನ ಮಗಳ ಕೆಲಸಕ್ಕೆ ಕುತ್ತು ತಂದು, ಮೂವರು ಸರ್ಜನ್ನರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡಿದರು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ, ಏಕೆಂದರೆ ನಾನು ಅವರ ಮನೆಯ ಮುಂದಿನ ಕೋಣೆಯಲ್ಲೇ ಬೀಡುಬಿಟ್ಟಿರುವ ಭಾಮೈದ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೇರೆಯವರಿಗೆ ಸರಿಯಾಗಿ ಕಾಣುವ ಹಾಗೆ ಮಾಡುವುದೇ ನನ್ನ ವೃತ್ತಿ.

ಇಪ್ಪತ್ತೈದು ವರ್ಷ ತುಂಬಿದವರಿಗೆ ಗೋಡೆ ಗಡಿಯಾರ ಕೊಡುವುದು ಆ ಕಚೇರಿಯ ಪದ್ಧತಿ. ಆ ವರ್ಷ ಗಡಿಯಾರ ಮುಗಿದುಹೋಗಿತ್ತಂತೆ. ಬದಲಿಗೆ ಮನೆಯಲ್ಲೇ ಬ್ರೆಡ್ಡು ಮಾಡುವ ಒಂದು ಯಂತ್ರ ಕೊಟ್ಟು ಕೈ ತೊಳೆದುಕೊಂಡರು. ಬಕೆಟ್ಟಿನಷ್ಟು ದೊಡ್ಡದು. ಮುಚ್ಚಳಕ್ಕೊಂದು ಪುಟ್ಟ ಗಾಜಿನ ಕಿಟಕಿ, ಒಳಗೊಂದು ಪಾತ್ರೆ, ಪಾತ್ರೆಯ ತಳದಲ್ಲಿ ತಿರುಗುವ ಒಂದು ಗೂಟ, ಆ ಗೂಟಕ್ಕೆ ಸಿಕ್ಕಿಸುವ ಹೆಬ್ಬೆರಳಷ್ಟು ಉದ್ದದ ಉಕ್ಕಿನ ಅಲಗು. ಹಿಟ್ಟನ್ನು ನಾದುವುದು ಆ ಅಲಗು. ಅದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಭಾವ ಮರೆತದ್ದರಿಂದಲೇ ಇಷ್ಟೆಲ್ಲ ರಾದ್ಧಾಂತವಾದದ್ದು.

"ನನ್ನ ಅಡುಗೆ ಕಟ್ಟೆ ಮೇಲೆ ಇದಕ್ಕೆ ಜಾಗ ಇಲ್ಲ," ಎಂದಳು ಅಕ್ಕ, ಯಂತ್ರದ ಮುಖವನ್ನೂ ನೋಡದೆ.

"ಜಾಗ ಮಾಡಿದ್ರೆ ಆಗುತ್ತೆ ಕಣೇ."

"ಹಾಗಾದ್ರೆ ನಾನು ಹೊರಗಿರ್ತೀನಿ, ಅದು ಒಳಗಿರ್ಲಿ."

ಹೀಗೆ ಯಂತ್ರ ಮಲಗುವ ಕೋಣೆಗೆ ಹೋಗಿ ಹಳೆಯ ಕಬ್ಬಿಣದ ಟ್ರಂಕಿನ ಮೇಲೆ ಕೂತಿತು. ಮೊದಲ ದಿನ ಭಾವ ಯೀಸ್ಟ್ ಹಾಕುವುದನ್ನು ಮರೆತರು. ಬಂದ ಬ್ರೆಡ್ಡನ್ನು ಅಕ್ಕ ಇಂದಿಗೂ ಬಾಗಿಲು ಬಡಿದುಕೊಳ್ಳದಂತೆ ಒತ್ತುಗೊಟ್ಟು ಇಡಲು ಬಳಸುತ್ತಾಳೆ. ಎರಡನೆಯ ದಿನ ಎಲ್ಲ ಸರಿಯಾಗಿತ್ತು. ಕೆಳಗೆ ಬೆಚ್ಚಗಿನ ನೀರು, ಎಣ್ಣೆ, ಉಪ್ಪು, ಸಕ್ಕರೆ; ಮೇಲೆ ಮೂರು ಲೋಟ ಮೈದಾ; ಮೈದಾದ ನೆತ್ತಿಯಲ್ಲಿ ಬೆರಳಿನಿಂದ ಒಂದು ಗುಳಿ ಮಾಡಿ ಅದರಲ್ಲಿ ಯೀಸ್ಟ್. 'ಶೀಘ್ರ' ಎನ್ನುವ ಗುಂಡಿ ಒತ್ತಿದರೆ ಐವತ್ತೆಂಟು ನಿಮಿಷಕ್ಕೆ ಬಿಳಿ ಬ್ರೆಡ್ಡು. ಭಾವ ಆ ಐವತ್ತೆಂಟು ನಿಮಿಷವೂ ಕುಕ್ಕರಗಾಲಲ್ಲಿ ಕೂತು ಗಾಜಿನ ಕಿಟಕಿಯೊಳಗೆ ನೋಡಿದರು. ಈಗ ಬೇರೆ ಊರಲ್ಲಿರುವ ಇಬ್ಬರು ಮಕ್ಕಳನ್ನು ಅಕ್ಕ ಹೆತ್ತಾಗಲೂ ಅವರು ಇಷ್ಟು ಹೊತ್ತು ಕಾದಿರಲಿಲ್ಲ, ಆಗ ಕಚೇರಿಯಲ್ಲಿ ಲಕೋಟೆಗಳಿದ್ದವು.

ನಮ್ಮ ಕೆಳಗಿನ ಮನೆಯಲ್ಲಿ ಒಲೆಯಜ್ಜ ಇದ್ದರು. ನಲವತ್ತೆಂಟು ವರ್ಷ ಇದೇ ಬೀದಿಯಲ್ಲಿ ಬೇಕರಿಯ ಒಲೆ ಉರಿಸಿದವರು. ಊರಾಚೆ ಬ್ರೆಡ್ಡಿನ ಕಾರ್ಖಾನೆ ಬಂದು, ಗಂಟೆಗೆ ಸಾವಿರ ಬ್ರೆಡ್ಡು ಉಗುಳತೊಡಗಿದ ಮೇಲೆ ಒಲೆ ಆರಿತು. ನಲವತ್ತೆಂಟು ವರ್ಷದ ಹಿಟ್ಟಿನ ಧೂಳು ಎದೆಯೊಳಗೆ ಕೂತು ಉಸಿರಾಟವೂ ಅರ್ಧಕ್ಕೆ ಇಳಿಯಿತು. ಡಾಕ್ಟರು ಇನ್ನು ಕೆಲವೇ ವಾರ ಎಂದಿದ್ದರು. ಮಗಳು ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಮದುವೆಯಾಗದೆ ಅಪ್ಪನ ಜೊತೆಗೇ ಉಳಿದಿದ್ದರು. ಬೀದಿಗೆಲ್ಲ ಅವರು ಸಿಸ್ಟರ್.

ಒಂದು ಬೆಳಿಗ್ಗೆ ಸಿಸ್ಟರ್ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಭಾವ ಬಗಲಲ್ಲಿ ಬಿಸಿ ಬ್ರೆಡ್ಡು ಇಟ್ಟುಕೊಂಡು ಯಾರಿಗೆ ತೋರಿಸಲಿ ಎಂದು ಇಳಿಯುತ್ತಿದ್ದರು.

"ಒಂಬತ್ತು ದಿನ ಆಯ್ತಣ್ಣ, ಅಪ್ಪ ಏನೂ ತಿಂದಿಲ್ಲ. ಅಂಗಡಿ ಬ್ರೆಡ್ಡು ಕೊಟ್ರೆ ಹತ್ತಿ ಅಂತ ಉಗೀತಾರೆ."

"ಇದು ಕೊಟ್ಟು ನೋಡಿ ಸಿಸ್ಟರ್," ಎಂದರು ಭಾವ.

ಇಲ್ಲಿಯವರೆಗೆ ಭಾವ ದೇವರಂಥ ಮನುಷ್ಯ. ಅಲ್ಲಿಂದಲೇ ವಾಪಸು ಬಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಹೊಗಳಿಕೆ ಕೇಳುವ ಆಸೆಯಿಂದ ಒಳಗೆ ಹೋದರು, ನನ್ನನ್ನೂ ಎಳೆದುಕೊಂಡು.

ಒಲೆಯಜ್ಜ ಮಂಚದ ಮೇಲೆ ಮೂರು ದಿಂಬಿಗೆ ಒರಗಿ ಕೂತಿದ್ದರು. ಬ್ರೆಡ್ಡಿನ ಚೂರನ್ನು ಮೂಸಿದರು, ಒತ್ತಿದರು, ಕಿವಿಯ ಹತ್ತಿರ ಹಿಡಿದು ಕೇಳಿದರು. ಆಮೇಲೆ ತಿಂದರು. ಇನ್ನೊಂದು ಚೂರು ಕೇಳಿದರು. ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡರು.

"ಯಾರು ಮಾಡಿದ್ದು?"

"ನಾನೇ," ಎಂದರು ಭಾವ.

"ಕೈಯಲ್ಲೋ, ಮಿಷನ್ನಲ್ಲೋ?"

ಆ ಮುದುಕ 'ಮಿಷನ್' ಎಂದದ್ದು ಬೇರೆಯವರು ಕೊಲೆಗಾರನ ಹೆಸರು ಹೇಳುವ ಹಾಗೆ. ಭಾವ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

"ಕೈಯಲ್ಲೇ ಯಜಮಾನ್ರೇ. ಮಿಷನ್ನಲ್ಲಿ ಮಾಡಿದ್ದನ್ನ ಮನುಷ್ಯರು ತಿಂತಾರಾ?"

ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳುವುದು ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಲಕ್ಷಣ. ಅಜ್ಜ ಬ್ರೆಡ್ಡನ್ನು ಮಗುಚಿ ತಳ ಸವರಿದರು. ಅಲ್ಲಿ ಅಲಗು ಕೂತಿದ್ದ ಜಾಗದಲ್ಲಿ ಒಂದು ತೂತು.

"ಇದೇನು?"

"ಅದು... ಹೆಬ್ಬೆರಳು," ಎಂದರು ಭಾವ. "ಬೆಂದಿದೆಯೋ ಇಲ್ಲವೋ ಅಂತ ಹೆಬ್ಬೆರಳು ಚುಚ್ಚಿ ನೋಡ್ತೀನಿ."

ಅಜ್ಜನ ಕಣ್ಣು ತುಂಬಿತು. "ಬಿಸಿ ಬ್ರೆಡ್ಡಿಗೆ ಹೆಬ್ಬೆರಳು ಚುಚ್ಚೋ ಗಂಡಸು ಇನ್ನೂ ಇದಾನಲ್ಲಮ್ಮ ಈ ಊರಲ್ಲಿ!" ಎಂದು ಮಗಳಿಗೆ ಹೇಳಿ ಮೂರನೆಯ ಚೂರು ತಿಂದರು. ಭಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಮೇಲೆ ಬಂದರು.

ಅಂದಿನಿಂದ ದಿನಾ ಬೆಳಿಗ್ಗೆ ಆರಕ್ಕೆ ಯಂತ್ರ ಶುರು. ಟ್ರಂಕು ಇದ್ದದ್ದು ಅಜ್ಜನ ಮಂಚದ ನೆತ್ತಿಯ ಮೇಲೆಯೇ. ಅಲಗು ತಿರುಗಿ ಹಿಟ್ಟಿನ ಉಂಡೆ ಪಾತ್ರೆಗೆ ಬಡಿದಾಗಲೆಲ್ಲ ಟ್ರಂಕು ಧಡ್ ಧಡ್ ಎಂದು ಅದುರುತ್ತಿತ್ತು. ಕೆಳಗೆ ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದರಂತೆ.

"ಹದಿನೈದು ನಿಮಿಷ, ಒಂದೇ ಸಮ!" ಎಂದು ಬಂದವರಿಗೆಲ್ಲ ಹೇಳಿದರು. "ನಡುವೆ ಒಂದು ಸಲ ಉಸಿರು ತಗೊಳ್ಳೋಕೂ ನಿಲ್ಲಿಸಲ್ಲ. ನನ್ನ ಕೈಕೆಳಗೆ ನಲವತ್ತು ಜನ ಪಳಗಿದ್ರು, ಒಬ್ಬನಿಗೂ ಈ ಲಯ ಬರಲಿಲ್ಲ. ಗುಮಾಸ್ತನ ತೋಳಾ ಅದು, ಕಬ್ಬಿಣ!"

ಕಬ್ಬಿಣ ಎಂಬ ಮಟ್ಟಿಗೆ ಅಜ್ಜನ ಊಹೆ ಸರಿಯಾಗಿತ್ತು.

ಬೀದಿಗೆ ಸುದ್ದಿ ಹಬ್ಬಿತು. ಚಮಚೆಯಂಥ ತೋಳಿನ ನನ್ನ ಭಾವನನ್ನು ಕ್ಷೌರದಂಗಡಿಯವನು ನಿಲ್ಲಿಸಿ ತೋಳು ಮುಟ್ಟಿ ನೋಡಿದ. "ಕಾಣಲ್ಲ ಸಾರ್, ಒಳಗಡೆ ಇದೆ," ಎಂದು ತೀರ್ಪು ಕೊಟ್ಟ. ಕಚೇರಿಯಲ್ಲಿ ಬೀರು ಸರಿಸಬೇಕಾದಾಗ ಭಾವನನ್ನೇ ಕರೆದರು. ಬೀರು ಸರಿಯಲಿಲ್ಲ, ಸೊಂಟ ಸರಿಯಿತು. ಭಾವ ಕೆಳಗಿಳಿಯುವ ಮೊದಲು ಮೊಳಕೈವರೆಗೆ ಮೈದಾ ಬಳಿದುಕೊಂಡು, ಹಣೆಗೆ ನೀರು ಚಿಮುಕಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು.

"ಇದೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತೋ," ಎಂದಳು ಅಕ್ಕ. "ಹೇಳಿಬಿಡಿ ಅಂದ್ರೆ ಕೇಳಲ್ಲ ನೀವು."

"ಹೇಳಿದ್ರೆ ಅವರು ತಿನ್ನೋದು ಬಿಡ್ತಾರೆ. ಬಿಟ್ರೆ ಸಾಯ್ತಾರೆ. ನಾನು ಸುಮ್ನಿದ್ರೆ ಬದುಕ್ತಾರೆ. ಯಾವುದು ಪಾಪ, ನೀನೇ ಹೇಳು."

ಅಕ್ಕ ಅಡುಗೆಮನೆಗೆ ನಡೆದಳು. ಮುದುಕ ದಿನಾ ತಿನ್ನುತ್ತಿದ್ದ, ಮಗಳು ನಗುತ್ತಿದ್ದಳು.

ಇಪ್ಪತ್ತೆರಡು ದಿನ ಹೀಗೆ ನಡೆಯಿತು. ಇಪ್ಪತ್ತಮೂರನೆಯ ಬೆಳಿಗ್ಗೆ ಯಂತ್ರ ಪೀಪಿ ಊದುವುದಕ್ಕೂ ಕೆಳಗಿನಿಂದ ಸಿಸ್ಟರ್ ಕೂಗುವುದಕ್ಕೂ ಸರಿಹೋಯಿತು. "ಅಣ್ಣಾ, ಬೇಗ ಬನ್ನಿ!" ದಿನವೂ ಭಾವ ಬ್ರೆಡ್ಡನ್ನು ಮಗುಚಿ, ಒಮ್ಮೊಮ್ಮೆ ತಳಕ್ಕೆ ಕಚ್ಚಿಕೊಂಡೇ ಬರುವ ಅಲಗನ್ನು ಕೊಕ್ಕೆಯಿಂದ ಎಳೆದು ತೆಗೆಯುತ್ತಿದ್ದರು. ಅಂದು ಹಾಗೆಯೇ ಟವೆಲಿನಲ್ಲಿ ಸುತ್ತಿ ಓಡಿದರು.

ಅಜ್ಜನ ಉಸಿರು ಕಿತ್ತುಕೊಂಡು ಬರುತ್ತಿತ್ತು. ಬ್ರೆಡ್ಡನ್ನು ಎದೆಯ ಮೇಲಿಡಿಸಿಕೊಂಡು ಎರಡೂ ಕೈಯಿಂದ ಹಿಡಿದರು. ಅದರ ಬಿಸಿ ಅವರಿಗೆ ಹಿತವೆನ್ನಿಸಿದ್ದು ಮುಖದಲ್ಲಿ ಕಂಡಿತು.

"ಇವತ್ತೂ... ಲಯ ತಪ್ಪಲಿಲ್ಲ," ಎಂದರು. ಒಂದು ಚೂರೂ ತಿನ್ನದೆ ಹೋಗಿಬಿಟ್ಟರು.

ಭಾವ ಮಗುವಿನ ಹಾಗೆ ಅತ್ತರು. ಅದರಲ್ಲಿ ಸುಳ್ಳಿರಲಿಲ್ಲ.

ಮಧ್ಯಾಹ್ನ ವಿದ್ಯುತ್ ಚಿತಾಗಾರದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ದೇಹವನ್ನು ಗಾಲಿಯ ಹಲಗೆಯ ಮೇಲೆ ಮಲಗಿಸಿದ್ದಾಯಿತು. ಸಿಸ್ಟರ್ ಚೀಲದಿಂದ ಆ ಬ್ರೆಡ್ಡನ್ನು ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಅಪ್ಪನ ಪಕ್ಕಕ್ಕಿಟ್ಟರು. "ಇಷ್ಟಪಟ್ಟು ತಿಂದಿದ್ದು ಇದೊಂದೇ. ಜೊತೆಗೆ ಹೋಗ್ಲಿ."

ಕುಲುಮೆಯ ಬಾಗಿಲು ಮೇಲೆದ್ದಿತು. ಹಲಗೆ ಒಳಗೆ ಸರಿಯತೊಡಗಿತು. ಆಗ ಭಾವನಿಗೆ ಅಲಗು ನೆನಪಾಯಿತು.

"ನಿಲ್ಲಿಸೀ!" ಎಂದು ಕಿರುಚಿ ಮುಂದಕ್ಕೆ ನುಗ್ಗಿದರು.

ಮೂವರು ಹಿಡಿದುಕೊಂಡರು. ಕ್ಷೌರದಂಗಡಿಯವನು ಸೊಂಟಕ್ಕೆ ಜೋತುಬಿದ್ದ. "ತಡ್ಕೊಳ್ಳಿ ಸಾರ್, ಹುಟ್ಟಿದವರೆಲ್ಲ ಹೋಗೋರೇ!"

"ಅದಲ್ಲಯ್ಯಾ, ಒಳಗಡೆ... ಒಳಗಡೆ..."

"ಒಳಗಡೆ ಏನೂ ಇಲ್ಲ ಸಾರ್, ಬರೀ ದೇಹ. ಜೀವ ಹೋಗಿ ಎಷ್ಟೊತ್ತಾಯ್ತು!"

ಕುಲುಮೆಯವನು ಗುಂಡಿಯಿಂದ ಕೈ ತೆಗೆಯದೆ ಹೇಳಿದ, "ದಿನಕ್ಕೆ ಇಬ್ಬರಾದ್ರೂ ನಿಲ್ಲಿಸಿ ಅಂತಾರೆ ಸ್ವಾಮಿ. ನಿಲ್ಲಿಸ್ತಾ ಕೂತ್ರೆ ನಾನು ಮನೆಗೆ ಹೋಗೋದು ಯಾವಾಗ?"

ಬಾಗಿಲು ಇಳಿಯಿತು. ಸ್ವಂತ ಮಗನೂ ಹೀಗೆ ಗೋಳಾಡುವುದಿಲ್ಲ ಎಂದು ಬೀದಿಯವರೆಲ್ಲ ಮಾತಾಡಿಕೊಂಡರು.

ಮರುದಿನ ಬೂದಿ ತರಲು ಸಿಸ್ಟರ್ ಜೊತೆ ಭಾವನೂ ನಾನೂ ಹೋದೆವು. ಚಿತಾಗಾರದ ಗುಮಾಸ್ತ ಬೂದಿಯ ಮಡಕೆಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದಲ್ಲಿ ಒಂದು ತಟ್ಟೆ ಇಟ್ಟ. ತಟ್ಟೆಯಲ್ಲಿ, ನೀಲಿಗಪ್ಪು ಬಣ್ಣಕ್ಕೆ ತಿರುಗಿದ, ಹೆಬ್ಬೆರಳುದ್ದದ ಉಕ್ಕಿನ ತುಂಡು.

"ದೇಹದಲ್ಲಿದ್ದ ಲೋಹ ಅಂತ ಒಂದು ಕಾಲಂ ಇದೆ," ಎಂದ, ರಿಜಿಸ್ಟರ್ ತೆರೆಯುತ್ತಾ. "ಮಂಡಿ ಬರುತ್ತೆ, ಸೊಂಟ ಬರುತ್ತೆ, ಹಲ್ಲು ಬರುತ್ತೆ. ಇದು ಯಾವ ಅಂಗ ಅಂತ ಬರೀಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಭಾವ ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡರು. "ನಿಮ್ಮ ಗಾಡೀದೇ ಯಾವುದೋ ತುಂಡಿರಬೇಕು," ಎಂದರು.

ಗುಮಾಸ್ತ ಪೆನ್ನು ಕೆಳಗಿಟ್ಟ. "ನನ್ನ ಗಾಡೀಲಿ ಮೂವತ್ತು ವರ್ಷದಿಂದ ಒಂದು ಬೋಲ್ಟು ಬಿದ್ದಿಲ್ಲ. ಇಲ್ಲಿಗೆ ಬಂದ ಯಾರೂ ಇದುವರೆಗೆ ಒಂದು ದೂರು ಹೇಳಿಲ್ಲ!"

ಸಿಸ್ಟರ್ ತುಂಡನ್ನು ಬೆರಳಲ್ಲಿ ಎತ್ತಿ ಹಿಡಿದರು. ಇಪ್ಪತ್ತು ವರ್ಷ ಆಪರೇಷನ್ ಸಾಮಾನು ಎಣಿಸಿದ ಕೈ ಅದು. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಆರು ವರ್ಷದ ಹಿಂದೆ ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆಯ್ತು. ಅವತ್ತು ಥಿಯೇಟರಲ್ಲಿ ಜನ ಇರಲಿಲ್ಲ, ನಾನೇ ನಿಂತೆ. ಕತ್ತರಿ, ಇಕ್ಕಳ, ಎಲ್ಲಾ ಎಣಿಸಿ ಕೊಟ್ಟಿದ್ದೂ ನಾನೇ, ವಾಪಸು ಎಣಿಸಿ ತಗೊಂಡಿದ್ದೂ ನಾನೇ. ಹದಿನೆಂಟು ಒಳಗೆ, ಹದಿನೆಂಟು ಹೊರಗೆ ಅಂತ ಸೈನ್ ಮಾಡಿದೀನಿ." ತುಂಡನ್ನು ತಟ್ಟೆಗಿಟ್ಟರು. "ಎಣಿಸುವಾಗ ಅಪ್ಪನ ಮುಖ ನೋಡ್ತಿದ್ದೆ. ತಪ್ಪಿದೆ."

"ಅಯ್ಯೋ, ಇಲ್ಲ ಸಿಸ್ಟರ್!" ಎಂದರು ಭಾವ.

"ಕೊನೇ ಎರಡು ವರ್ಷ ಹೊಟ್ಟೇಲಿ ಏನೋ ಚುಚ್ಚುತ್ತೆ ಅಂತಿದ್ರು. ಗ್ಯಾಸು ಅಂತ ಮಾತ್ರೆ ಕೊಟ್ಟೆ. ಎಕ್ಸ್‌ರೇ ತೆಗೆಸಿದ್ದು ಎದೆಗೆ ಮಾತ್ರ."

ಕೈಯಲ್ಲಿ ನಾದಿದ ಬ್ರೆಡ್ಡಿನಲ್ಲಿ ಉಕ್ಕು ಎಲ್ಲಿಂದ ಬರಬೇಕು? ಆ ದಾರಿಯನ್ನು ಭಾವ ತಮ್ಮ ಹೆಬ್ಬೆರಳಿನಿಂದ ತಾವೇ ಮುಚ್ಚಿದ್ದರು. ನಾನು ಅವರ ಪಕ್ಕೆಗೆ ತಿವಿದೆ. ಅವರು ಬಾಯಿ ತೆರೆದರು.

"ಅದನ್ನ ನಾನು ಇಟ್ಕೊಳ್ಳಲಾ ಸಿಸ್ಟರ್? ಯಜಮಾನ್ರ ನೆನಪಿಗೆ?"

ಸಿಸ್ಟರ್ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. "ಅಪ್ಪನ ಮೇಲೆ ಎಷ್ಟು ಪ್ರೀತಿ ಅಣ್ಣಾ ನಿಮಗೆ!" ಆಮೇಲೆ ಕಣ್ಣೊರೆಸಿಕೊಂಡು, "ಇದು ಆಸ್ಪತ್ರೆಗೆ ಹೋಗ್ಬೇಕು. ನಾನೇ ಬರೆದುಕೊಡ್ತೀನಿ," ಎಂದರು. ಲೋಹ ಸಿಕ್ಕಿದ್ದಕ್ಕೆ ಸಾಕ್ಷಿಯಾಗಿ ಗುಮಾಸ್ತ ಭಾವನಿಂದಲೇ ರುಜು ಹಾಕಿಸಿಕೊಂಡ.

ಮನೆಗೆ ಬಂದ ಮೇಲೆ ಅಕ್ಕ ಸೌಟು ಹಿಡಿದು ನಿಂತಳು. "ಈಗಲೇ ಕೆಳಗೆ ಹೋಗಿ ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ ಕಣೇ. ನನ್ನ ಬಾಯಿಂದಲೇ ಬರ್ಲಿ."

ಹೋದರು. ಐದು ನಿಮಿಷಕ್ಕೆ ವಾಪಸು ಬಂದರು. "ಟೀ ಕೊಟ್ರು," ಎಂದರು. ಸಂಜೆ ಮತ್ತೆ ಹೋದರು. ವಾಪಸು ಬಂದಾಗ ಗೋಡೆಗೊರಗಿ ಕೂತುಬಿಟ್ಟರು.

"ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಅಂದ್ರು, 'ಅಣ್ಣಾ, ನಾನು ಅಪ್ಪನಿಗೆ ಮಾಡಿದ್ದೆಲ್ಲಾ ತಪ್ಪೇ. ಸರಿಯಾಗಿ ಆಗಿದ್ದು ಒಂದೇ, ಕೊನೇ ಇಪ್ಪತ್ತೆರಡು ದಿನ ಒಬ್ಬ ಮನುಷ್ಯನ ಕೈ ನಾದಿದ ಬ್ರೆಡ್ಡು ತಿನ್ನಿಸಿದ್ದು.' ಅದನ್ನೂ ಕಿತ್ಕೊಳ್ಳಲಾ ನಾನು?"

ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಕ್ಕ ಸೌಟನ್ನು ಕೆಳಗಿಟ್ಟಳು. ಅಂದು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆಸ್ಪತ್ರೆಯವರು ವಿಚಾರಣಾ ಸಮಿತಿ ನೇಮಿಸಿದರು. ಅಧ್ಯಕ್ಷರು ದೊಡ್ಡ ಡಾಕ್ಟರು, ಸದಸ್ಯರು ಮೂವರು ಸರ್ಜನ್ನರು. ಸೋಮವಾರ ಹತ್ತು ಗಂಟೆಗೆ ಉದ್ದನೆಯ ಮೇಜಿನ ಸುತ್ತ ಕೂತರು. ನಡುವೆ ಬಿಳಿ ಬಟ್ಟೆಯ ಮೇಲೆ ಅಲಗು. ಸಾಕ್ಷಿಯೆಂದು ಭಾವನಿಗೂ ಕರೆ ಬಂದಿತ್ತು, ಅವರು ಬಿದ್ದುಬಿಟ್ಟರೆ ಹಿಡಿಯಲು ನಾನು.

"ಇದು ರಕ್ತನಾಳಕ್ಕೆ ಹಾಕೋ ಹಳೇ ಕಾಲದ ಹಿಡುಕ," ಎಂದರು ಮೊದಲನೆಯ ಸರ್ಜನ್ನರು. "ನಮ್ಮ ಗುರುಗಳು ಇಂಥದ್ದೇ ಬಳಸ್ತಿದ್ರು."

"ನಿಮ್ಮ ಗುರುಗಳು ಬಳಸ್ತಿದ್ರು ಅಂದ್ರೆ ಒಳಗೇ ಉಳಿದಿರೋದು ಸಹಜ," ಎಂದರು ಎರಡನೆಯವರು. "ಆದ್ರೆ ಇದು ಹಿಡುಕ ಅಲ್ಲ, ಮೂಳೆಯ ಪಟ್ಟಿ."

"ಪಿತ್ತಕೋಶದಲ್ಲಿ ಮೂಳೆ ಎಲ್ಲಿ ಸಾರ್?" ಎಂದರು ಮೂರನೆಯವರು.

"ನೀವು ಮಾಡೋ ಆಪರೇಷನ್ನಲ್ಲಿ ಏನು ಬೇಕಾದ್ರೂ ಎಲ್ಲಿ ಬೇಕಾದ್ರೂ ಇರಬಹುದು!" ಎಂದರು ಎರಡನೆಯವರು.

ಅಧ್ಯಕ್ಷರು ಮೇಜು ಕುಟ್ಟಿ ಸಿಸ್ಟರ್ ಕಡೆ ತಿರುಗಿದರು. "ನೋಡೀಮ್ಮ, ನೀವೇ ಬರೆದುಕೊಟ್ಟಿದೀರ. ಎಣಿಕೆ ತಪ್ಪಿದ್ದು ನಿಮ್ಮಿಂದ. ಒಪ್ಕೊಂಡ್ರೆ ಇವತ್ತಿಗೇ ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ, ಪೊಲೀಸರಿಗೂ ತಿಳಿಸಬೇಕಾಗುತ್ತೆ. ಒಪ್ತೀರಾ?"

"ಒಪ್ತೀನಿ ಸಾರ್."

ಆ ಎರಡು ಪದ ಕೇಳಿ ಭಾವ ಎದ್ದು ನಿಂತರು. ಏನೋ ಹೇಳುತ್ತಾರೆಂದು ಎಲ್ಲರೂ ನೋಡಿದರು. ಭಾವ ತಿರುಗಿ ಬಾಗಿಲು ತೆರೆದು ಹೊರಟುಹೋದರು.

"ಸಾಕ್ಷಿಗೆ ಏನಾಯ್ತು?" ಎಂದರು ಅಧ್ಯಕ್ಷರು.

"ಮೂತ್ರ ಇರಬೇಕು," ಎಂದರು ಮೂರನೆಯ ಸರ್ಜನ್ನರು, ಮೂತ್ರಕೋಶವೇ ತಮ್ಮ ವಿಷಯವಾದ್ದರಿಂದ ಅಧಿಕಾರವಾಣಿಯಲ್ಲಿ.

ನಲವತ್ತು ನಿಮಿಷದ ಮೇಲೆ, ಸಿಸ್ಟರ್ ಕಾಗದಕ್ಕೆ ರುಜು ಹಾಕಲು ಪೆನ್ನು ಎತ್ತಿಕೊಂಡಿದ್ದಾಗ, ಬಾಗಿಲು ಕಾಲಿನಿಂದ ಒದ್ದ ಹಾಗೆ ತೆರೆಯಿತು. ಭಾವ ಹೆಗಲ ಮೇಲೆ ಯಂತ್ರ ಹೊತ್ತು ನಿಂತಿದ್ದರು. ಕಂಕುಳಲ್ಲಿ ಮೈದಾ ಪೊಟ್ಟಣ, ಜೇಬಿನಲ್ಲಿ ಎಣ್ಣೆಯ ಸೀಸೆ. ರವಾನೆ ವಿಭಾಗದವರು ಅರ್ಧಂಬರ್ಧ ಕಳಿಸುವ ಪೈಕಿಯಲ್ಲ. ದಿನಾ ನೀರು ಚಿಮುಕಿಸಿಕೊಳ್ಳುತ್ತಿದ್ದ ಹಣೆಯಲ್ಲಿ ಅಂದು ನಿಜವಾದ ಬೆವರಿತ್ತು.

ಯಂತ್ರವನ್ನು ಮೇಜಿನ ಮೇಲೆ ಕುಕ್ಕಿದರು. ಅಲಗನ್ನು ಎತ್ತಿ ಗೂಟಕ್ಕೆ ಸಿಕ್ಕಿಸಿದರು. 'ಟಕ್' ಎಂದು ಕೂತಿತು.

"ಎಣಿಕೆ ತಪ್ಪಿಲ್ಲ," ಎಂದರು. "ಇದು ಅವರ ಹದಿನೆಂಟರಲ್ಲಿ ಇಲ್ಲ ಸಾರ್. ಇದು ನಂದು. ಬ್ರೆಡ್ಡಿನ ತಳದಲ್ಲಿ ಕಚ್ಕೊಂಡಿತ್ತು. ಕೈಯಲ್ಲಿ ಮಾಡ್ತೀನಿ ಅಂತ ಸುಳ್ಳು ಹೇಳಿದ್ದೆ. ಒಂದು ದಿನವೂ ನಾನು ನಾದಿಲ್ಲ."

ಮೊದಲು ಚೇತರಿಸಿಕೊಂಡವರು ಎರಡನೆಯ ಸರ್ಜನ್ನರು. "ಕೂತ ಮಾತ್ರಕ್ಕೆ ಅದರದ್ದೇ ಅನ್ನೋಕಾಗಲ್ಲ. ಕೆಲಸ ಮಾಡಿ ತೋರಿಸ್ಲಿ."

ಹೀಗೆ ಆ ಆಸ್ಪತ್ರೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ವಿಚಾರಣಾ ಸಮಿತಿಯ ಮುಂದೆ ಬಿಳಿ ಬ್ರೆಡ್ಡು ಬೇಯಿತು. ಭಾವ ಗುಂಡಿ ಒತ್ತಿದರು. ಧಡ್ ಧಡ್ ಧಡ್. ಯಂತ್ರ ಅದುರುತ್ತಾ ಮೇಜಿನ ಮೇಲೆ ಅಧ್ಯಕ್ಷರ ಕಡೆಗೆ ಅಂಗುಲ ಅಂಗುಲವಾಗಿ ನಡೆಯಿತು. ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಸಿಸ್ಟರ್ ಕಣ್ಣು ಮುಚ್ಚಿದ್ದರು. ಆ ಸದ್ದನ್ನು ಅವರು ಇಪ್ಪತ್ತಮೂರು ಬೆಳಿಗ್ಗೆ ಅಪ್ಪನ ಪಕ್ಕ ಕೂತು ಕೇಳಿದ್ದರು. ಹದಿನೈದು ನಿಮಿಷ ಒಂದೇ ಸಮ ಬಡಿದು ಅದು ನಿಂತಾಗ ಅವರ ಕೆನ್ನೆ ಒದ್ದೆಯಾಗಿತ್ತು. ಉಳಿದ ನಲವತ್ತಮೂರು ನಿಮಿಷ ಯಾರೂ ಎದ್ದು ಹೋಗಲಿಲ್ಲ.

ಬ್ರೆಡ್ಡು ಬಂತು. ಚೆನ್ನಾಗಿ ಉಬ್ಬಿತ್ತು. ಅಲಗು ಚಿತೆಯಿಂದ ಬಂದದ್ದೆಂದು ನೆನಪಾಗಿ ಬ್ರೆಡ್ಡನ್ನು ಮುಟ್ಟುವ ಧೈರ್ಯ ಮೂವರು ಸರ್ಜನ್ನರಿಗೂ ಆಗಲಿಲ್ಲ. ಸಿಸ್ಟರ್ ಎತ್ತಿಕೊಂಡು ಮಗುಚಿ, ಕಚ್ಚಿಕೊಂಡಿದ್ದ ಅಲಗನ್ನು ಎಳೆದು ತೆಗೆದರು. ತಳದ ತೂತಿಗೆ ತಮ್ಮ ಹೆಬ್ಬೆರಳು ಇಟ್ಟರು. ಅದು ಒಳಗೆ ಹೋಗಲಿಲ್ಲ.

"ಇದು ಮೇಲಿನ ಮನೆ ಗುಮಾಸ್ತರ ಹೆಬ್ಬೆರಳು ಅಂತ ಅಪ್ಪ ದಿನಾ ಸವರ್ತಿದ್ರು," ಎಂದರು. ಅಷ್ಟೇ. ಅಲಗನ್ನು ಪಡೆದದ್ದಕ್ಕೆ ರುಜು ಹಾಕಿ, ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಭಾವನ ಕಡೆ ನೋಡದೆ ಹೊರಗೆ ನಡೆದರು.

ಸಮಿತಿ ವರದಿ ಕೊಟ್ಟಿತು: 'ಲೋಹವು ವೈದ್ಯಕೀಯ ಸ್ವರೂಪದ್ದಲ್ಲ, ಬೇಕರಿಗೆ ಸಂಬಂಧಿಸಿದ್ದು.' ಸಿಸ್ಟರ್ ಕೆಲಸ ಉಳಿಯಿತು. ಭಾವನ ಮಾನ ಉಳಿಯಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಬ್ರೆಡ್ಡಿಗೆ ಹೋದ ಮಾನಕ್ಕೆ ಏನು ಕೊಡಬೇಕೋ ಗೊತ್ತಿಲ್ಲ. ಕ್ಷೌರದಂಗಡಿಯವನು ತೋಳಿನ ಬಗ್ಗೆ ತಾನು ಕೊಟ್ಟಿದ್ದ ತೀರ್ಪನ್ನು ವಾಪಸು ಪಡೆದ. "ನಿಮ್ಮ ಬ್ರೆಡ್ಡು ತಿಂದೋರನ್ನ ಅಯಸ್ಕಾಂತ ಇಟ್ಟು ನೋಡ್ಬೇಕಂತೆ, ನಿಜವಾ ಸಾರ್?" ಎಂದು ಕಚೇರಿಯ ಜವಾನ ಕೇಳಿದ. ಇವೆಲ್ಲ ಭಾವನಿಗೆ ನಾಟಲಿಲ್ಲ. ನಾಟಿದ್ದು ಒಂದೇ. ಮೆಟ್ಟಿಲಲ್ಲಿ ಎದುರಾದಾಗ ಸಿಸ್ಟರ್ ಗೋಡೆಯ ಕಡೆಗೆ ಸರಿದು ದಾರಿ ಬಿಡುತ್ತಿದ್ದರು, ಅಪರಿಚಿತರಿಗೆ ಬಿಡುವ ಹಾಗೆ.

ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಆರಕ್ಕೆ ಧಪ್ ಎಂಬ ಸದ್ದಿಗೆ ನನಗೆ ಎಚ್ಚರವಾಯಿತು. ಭಾವ ಟ್ರಂಕಿನ ಮುಂದೆ ಮಂಡಿಯೂರಿ, ಹಲಗೆಯ ಮೇಲೆ ಹಿಟ್ಟು ಹಾಕಿಕೊಂಡು ಎರಡೂ ಕೈಯಿಂದ ನಾದುತ್ತಿದ್ದರು. ಧಪ್. ಸ್ವಲ್ಪ ಹೊತ್ತು ಏದುಸಿರು. ಧಪ್ ಧಪ್. ಮತ್ತೆ ಏದುಸಿರು, ಅಯ್ಯೋ ಸೊಂಟ ಎಂಬ ನರಳಾಟ.

"ಏನ್ರೀ ಇದು?" ಎಂದಳು ಅಕ್ಕ.

"ಹೇಳಿದ್ದೆನಲ್ಲ, ಕೈಯಲ್ಲಿ ಮಾಡ್ತೀನಿ ಅಂತ. ಮಾಡ್ತಿದೀನಿ."

ಅಲಗಿಲ್ಲದ ಯಂತ್ರದಲ್ಲೇ ಬೇಯಿಸಿದ ಅಂದಿನ ಬ್ರೆಡ್ಡು ಬಾಗಿಲಿಗೆ ಒತ್ತುಗೊಡುತ್ತಿದ್ದ ಹಳೆಯದರ ತಮ್ಮನಂತಿತ್ತು. ಮರುದಿನದ್ದೂ ಹಾಗೆಯೇ. ನಾವು ಮೂವರೂ ತಿಂದೆವು, ಅಥವಾ ತಿಂದಂತೆ ಮಾಡಿದೆವು. ಏಳನೆಯ ದಿನ ಆರೂವರೆಗೆ ಬಾಗಿಲು ಬಡಿದ ಸದ್ದಾಯಿತು. ಸಿಸ್ಟರ್, ಡ್ಯೂಟಿಗೆ ಹೊರಟ ಬಿಳಿ ಉಡುಪಿನಲ್ಲಿ.

"ನಿಲ್ಲಿಸಿ ಅಣ್ಣಾ," ಎಂದರು. "ಕೇಳೋಕಾಗಲ್ಲ. ಏಳು ದಿನ ಆಯ್ತು, ಒಂದು ಪೆಟ್ಟಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಅಪ್ಪ ಇದ್ದಿದ್ರೆ ಮಂಚದಿಂದ ಎದ್ದು ಬಂದು ಹೊಡೀತಿದ್ರು."

ಭಾವ ಹಿಟ್ಟಿನ ಕೈ ಮುಂದಿಟ್ಟುಕೊಂಡು ತಲೆ ತಗ್ಗಿಸಿದರು. ಈ ಸಲ ಮೊಳಕೈವರೆಗಿನ ಮೈದಾ ಬಳಿದುಕೊಂಡದ್ದಲ್ಲ. ಸಿಸ್ಟರ್ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕರವಸ್ತ್ರ ಬಿಚ್ಚಿ, ನೀಲಿಗಪ್ಪು ಅಲಗನ್ನು ಟ್ರಂಕಿನ ಮೇಲಿಟ್ಟರು.

"ನಾನು ಕ್ಷಮಿಸಿಲ್ಲ, ತಿಳ್ಕೊಳ್ಳಿ. ಆ ಸದ್ದಿಲ್ಲದೆ ಬೆಳಿಗ್ಗೆ ಮನೇಲಿರೋಕೆ ಆಗ್ತಿಲ್ಲ, ಅಷ್ಟೇ. ನಾಳೆಯಿಂದ ಮಿಷನ್ನೇ ಹಾಕಿ." ಬಾಗಿಲವರೆಗೆ ಹೋಗಿ ತಿರುಗಿದರು. "ಆದ್ರೆ ಥಿಯೇಟರ್ ಪದ್ಧತಿ. ಒಳಗೆ ಹೋಗಿದ್ದನ್ನ ಕೂಗಿ ಹೇಳ್ಬೇಕು, ಹೊರಗೆ ಬಂದಿದ್ದನ್ನ ಕೂಗಿ ಹೇಳ್ಬೇಕು. ನಾನು ಕೇಳಿಸ್ಕೊಂಡೆ ಅನ್ನೋವರೆಗೂ ಬ್ರೆಡ್ಡು ಯಾರ ತಟ್ಟೆಗೂ ಹೋಗಬಾರದು."

ಈಗ ನಮ್ಮ ಬೀದಿಯವರಿಗೆ ಗಡಿಯಾರ ಬೇಕಿಲ್ಲ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಭಾವ ಕಿಟಕಿಯಿಂದ ಬಗ್ಗಿ, "ಒಂದು ಹೋಯ್ತು!" ಎಂದು ಕೂಗುತ್ತಾರೆ. ಹದಿನೈದು ನಿಮಿಷ ಟ್ರಂಕು ಬಡಿಯುತ್ತದೆ. ಕೆಳಗೆ ಖಾಲಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಸಿಸ್ಟರ್ ಟೀ ಕುಡಿಯುತ್ತಾರೆ. ಐವತ್ತೆಂಟು ನಿಮಿಷಕ್ಕೆ ಭಾವ ಬಿಸಿ ಬ್ರೆಡ್ಡನ್ನು ಮಗುಚಿ, ಕೊಕ್ಕೆಯಿಂದ ಅಲಗನ್ನು ಎಳೆದು, ಅದನ್ನು ಕಿಟಕಿಯಾಚೆ ಎತ್ತಿ ಹಿಡಿದು, "ಒಂದು ಬಂತು!" ಎನ್ನುತ್ತಾರೆ. ಒಮ್ಮೊಮ್ಮೆ ಕೆಳಗಿನಿಂದ ಉತ್ತರ ತಡವಾಗುತ್ತದೆ. ಭಾವ ಬ್ರೆಡ್ಡು ಕೊಯ್ಯದೆ, ಚಾಕು ಹಿಡಿದು ನಿಂತು ಕಾಯುತ್ತಾರೆ.

"ಸರಿ," ಎನ್ನುತ್ತಾರೆ ಸಿಸ್ಟರ್ ಕೊನೆಗೆ. "ಲೆಕ್ಕ ಸರಿಹೋಯ್ತು. ನನಗೆ ಎರಡು ಚೂರು ಕಳಿಸಿ."